ಪುಟ್ಟಲಕ್ಷ್ಮಮ್ಮ ಕೊಟ್ಟುಕೊಂಡ ತೀರ್ಪು

ಶೀಳನೆರೆಯಲ್ಲಿ ಮದುವೆಯಾಗದೆ ತವರಲ್ಲೇ ಉಳಿದ ಹೆಣ್ಣು ಎಂದರೆ ಪುಟ್ಟಲಕ್ಷ್ಮಮ್ಮ ಒಬ್ಬಳೇ. ಊರಿಗೆ ಅದು ಹಳೆಯ ಸುದ್ದಿ. ಮೊದಮೊದಲು ಬಾಯಿಗೆ ಬಂದಂತೆ ಆಡಿಕೊಂಡರು, ಆಮೇಲೆ ಸಾಕಾಗಿ ಬಿಟ್ಟರು. ಡೈರಿಗೆ ಹಾಲು ಹಾಕುವ ಸಾಲಿನಲ್ಲಿ ಅವಳೇ ಮುಂದೆ. ನಡುವೆ ಯಾರಾದರೂ ನುಗ್ಗಿದರೆ ಅವರಿಗೆ ಅಂದು ಮಂಗಳಾರತಿ. ಎರಡು ಸೀಮೆಹಸು, ಒಂದಿಷ್ಟು ತೆಂಗು, ಮನೆಯಲ್ಲಿ ಅಣ್ಣ ಹೊನ್ನಪ್ಪ, ಅವನ ಮಗಳು ಶ್ವೇತ. ಶ್ವೇತಳ ತಾಯಿ ತೀರಿಕೊಂಡಾಗ ಮಗು ಇನ್ನೂ ತೊಟ್ಟಿಲಲ್ಲಿತ್ತು. ಸಾಕಿದ್ದೆಲ್ಲ ಅತ್ತೆಯೇ.

ಮದುವೆಯಾಗದಿದ್ದುದಕ್ಕೆ ಕಾರಣ ಈ ಅಣ್ಣ. ಪಾಂಡವಪುರದ ಕಡೆಯ ಗಂಡು ಗೊತ್ತಾಗುವ ಹೊತ್ತಿಗೆ ಅವಳಿಗೆ ಇಪ್ಪತ್ತೆರಡು. ಅದೇ ಬೇಸಿಗೆಯಲ್ಲಿ ಹೊನ್ನಪ್ಪ ಪಂಪ್‌ಸೆಟ್ಟಿನ ಮನೆಯ ಹಿಂದೆ ನಿಂತು, ಯಾರೂ ಇಲ್ಲದ ಕಡೆ ತಿರುಗಿ ಉತ್ತರ ಕೊಡತೊಡಗಿದ. ಅವರ ಸೋದರಮಾವನೂ ಹೀಗೇ ಆಗಿ ಊರೂರು ಅಲೆದು ಸತ್ತಿದ್ದ. ಎರಡನ್ನೂ ಕೂಡಿಸಿ ನೋಡಿದ ಪುಟ್ಟಲಕ್ಷ್ಮಮ್ಮ, ಇದು ನಮ್ಮ ರಕ್ತದಲ್ಲೇ ಇದೆ, ನಾಳೆ ನನಗೂ ಬರುತ್ತದೆ, ನನಗೆ ಹುಟ್ಟುವ ಮಕ್ಕಳಿಗೂ ಬರುತ್ತದೆ ಎಂದು ತಾನೇ ತೀರ್ಪು ಕೊಟ್ಟುಕೊಂಡಳು. ಗಂಡಿನ ಕಡೆಯವರಿಗೆ ಕಾರಣ ಹೇಳಲಿಲ್ಲ. ಒಲ್ಲೆ ಅಂದಳು, ಅಷ್ಟೆ. ಹಠಮಾರಿ ಎಂಬ ಹೆಸರು ಬಂತು. ಆಮೇಲೆ ವರ್ಷಗಟ್ಟಲೆ, ಹಿತ್ತಲಲ್ಲಿ ಯಾರದಾದರೂ ದನಿ ಕೇಳಿದರೆ, ನಿಜವಾಗಿಯೂ ಯಾರಾದರೂ ಇದ್ದಾರೆಯೇ ಎಂದು ಹೋಗಿ ನೋಡಿ ಬರುತ್ತಿದ್ದಳು. ಪ್ರತಿ ಸಲವೂ ಯಾರಾದರೊಬ್ಬರು ಇದ್ದೇ ಇರುತ್ತಿದ್ದರು.

ಈಗ ಶ್ವೇತಳಿಗೆ ನಾಗಮಂಗಲದ ಸಂಬಂಧ ಬಂದಿತ್ತು. ಹುಡುಗ ರಘುನಂದನ್ ಕಾಲೇಜಿನಲ್ಲಿ ಮೇಷ್ಟ್ರು, ಶ್ವೇತ ಕೆ.ಆರ್. ಪೇಟೆಯ ಶಾಲೆಯಲ್ಲಿ ಟೀಚರು. ಇಬ್ಬರೂ ಒಪ್ಪಿದ್ದರು. ಮನೆತನ ವಿಚಾರಿಸಲು ಬಂದವರಿಗೆ ಊರವರು, "ಹೊನ್ನಪ್ಪ ಮಾತು ಕಮ್ಮಿ, ಸಾಧು ಮನ್ಸ" ಎಂದು ಹೇಳಿ ಕಳಿಸಿದ್ದರು. ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಅನ್ನುವುದನ್ನು ನಮ್ಮ ಕಡೆ ಬಹಳ ಶ್ರದ್ಧೆಯಿಂದ ಪಾಲಿಸುತ್ತಾರೆ.

ಉಳಿದದ್ದು ಒಪ್ಪುವೀಳ್ಯ. ಅಂದು ಹೆಣ್ಣಿನ ತಂದೆ, ಗಂಡಿನ ತಂದೆ ಎದುರುಬದುರು ಕೂತು ಎಲೆಅಡಿಕೆಯ ತಟ್ಟೆ ಬದಲಾಯಿಸಬೇಕು. ಹೊನ್ನಪ್ಪನನ್ನು ಗಂಜಾಂನ ನೆಂಟರ ಮನೆಗೆ ಸಾಗಿಸಿ, ಅವನ ಜಾಗದಲ್ಲಿ ತನ್ನ ಚಿಕ್ಕಪ್ಪನನ್ನು ಕೂರಿಸುವುದೆಂದು ಪುಟ್ಟಲಕ್ಷ್ಮಮ್ಮ ಲೆಕ್ಕ ಹಾಕಿದ್ದಳು. ಶ್ವೇತ ಜಗ್ಗಲಿಲ್ಲ.

"ಅಪ್ಪ ಕೂತ್ರೆ ವೀಳ್ಯ. ಇಲ್ದಿದ್ರೆ ಬ್ಯಾಡ ಅತ್ತೆ."

"ಅವ್ನ್ ಕೈ ನಡುಗದ್ ನೋಡುದ್ರೆ ಎದ್ದೋಯ್ತಾರೆ ಕಣೆ!"

ಈ ಜಗ್ಗಾಟದ ನಡುವೆಯೇ ಹೊನ್ನಪ್ಪನ ಮಾತ್ರೆಗೆಂದು ಮೂವರೂ ಪೇಟೆಯ ಆಸ್ಪತ್ರೆಗೆ ಹೋದರು. ಅಲ್ಲಿ ಸಂಶೋಧನೆಯವರು ಬಂದು, ಹೊನ್ನಪ್ಪನಿಗಿದ್ದ ಸ್ಕಿಜೋಫ್ರೇನಿಯಾ ಕಾಯಿಲೆಯವರ ಮತ್ತು ಅವರ ಮನೆಯವರ ರಕ್ತ ಕೇಳುತ್ತಿದ್ದರು. ಉಳಿದವರು ಹಿಂದೆಮುಂದೆ ನೋಡುತ್ತಿರುವಾಗ ಪುಟ್ಟಲಕ್ಷ್ಮಮ್ಮ ತಾನೂ ಕೊಟ್ಟಳು, ಅಣ್ಣ ಮತ್ತು ಶ್ವೇತಳಿಂದಲೂ ಕೊಡಿಸಿದಳು. ವಿಜ್ಞಾನ ಉದ್ಧಾರವಾಗಲಿ ಎಂದಲ್ಲ. ಹುಡುಗಿಗೆ ಏನೂ ಇಲ್ಲ ಎಂಬ ಒಂದು ಚೀಟಿ ಸಿಕ್ಕರೆ ಅಣ್ಣನನ್ನು ಧೈರ್ಯವಾಗಿ ವೀಳ್ಯಕ್ಕೆ ಕೂರಿಸಬಹುದಿತ್ತು.

"ಮೈಕ್ರೋ ಆರ್‌ಎನ್‌ಎ ಅಂತ ಜೀವಕೋಶದೊಳಗೆ ಇರುತ್ತಮ್ಮ, ತೀರಾ ಚಿಕ್ಕದು," ಎಂದಳು ಸಂಶೋಧನೆಯ ಹುಡುಗಿ ಪ್ರಜ್ಞ. "ನಾಲೆ ಹತ್ರ ನೀರುಗಂಟಿ ಇರ್ತಾನಲ್ಲ, ಹಾಗೆ. ಅವನು ಭತ್ತ ಬೆಳೆಯಲ್ಲ. ಯಾವ ಗದ್ದೆಗೆ ಎಷ್ಟು ನೀರು ಅಂತ ನೋಡ್ಕೊಂಡು ತೂಬು ಇಳಿಸ್ತಾನೆ. ಇದೂ ಅಷ್ಟೇ, ಯಾವ ಜೀನ್ ಎಷ್ಟು ಕೆಲಸ ಮಾಡಬೇಕೋ ಅಷ್ಟಕ್ಕೆ ಹಿಡಿದು ನಿಲ್ಲಿಸುತ್ತೆ. ಮಿದುಳು ಬೆಳೆಯುವಾಗ ಇದರಲ್ಲಿ ಏರುಪೇರಾದ್ರೆ ಈ ಕಾಯಿಲೆಗೆ ಒಂದು ಕಾರಣ ಆಗಬಹುದು. ಒಂದರಿಂದಲೇ ಬರಲ್ಲ, ಇಂಥ ಎಷ್ಟೋ ಸಣ್ಣಸಣ್ಣ ಕಾರಣ ಸೇರಬೇಕು."

"ಅಂಗಾರೆ ನಮ್ ಉಡ್ಗಿ ನೀರುಗಂಟಿ ನೆಟ್ಗವ್ನೆ ಅಂತ ಬರ್ಕೊಡವ್ವ."

ಪ್ರಜ್ಞಳಿಗೆ ನಗು ಬಂತು, ತಡೆದುಕೊಂಡಳು. "ಬರೆಯೋಕಾಗಲ್ಲಮ್ಮ. ಅಂಥ ಏರುಪೇರು ಈ ಬೆಂಚಲ್ಲಿ ಕೂತಿರೋ ಬಹಳ ಜನರಲ್ಲಿ ಇರಬಹುದು, ನನ್ನಲ್ಲೂ ಇರಬಹುದು. ಅಪ್ಪನಿಗಿದ್ರೆ ಮಗಳಿಗೆ ಬರೋ ಸಾಧ್ಯತೆ ಬೇರೆಯವರಿಗಿಂತ ಜಾಸ್ತಿ, ಅದು ನಿಜ. ಆದ್ರೂ ಹೆಚ್ಚಿನವರಿಗೆ ಬರಲ್ಲ. ಯಾರಿಗೆ ಬರುತ್ತೆ ಅಂತ ರಕ್ತ ನೋಡಿ ಹೇಳೋದು ಇವತ್ತಿಗೆ ಯಾರಿಂದಲೂ ಆಗಲ್ಲ."

"ಒಡಹುಟ್ಟಿದೋರ್ಗೆ?"

"ಅವರಿಗೂ ಹಾಗೇ. ಹೆಚ್ಚಿನವರು ಮದುವೆ, ಮಕ್ಕಳು ಅಂತ ಚೆನ್ನಾಗೇ ಇರ್ತಾರೆ."

ಪುಟ್ಟಲಕ್ಷ್ಮಮ್ಮನಿಗೆ ಸಿಟ್ಟು ಬಂತು. ಆ ಹುಡುಗಿಯ ಮೇಲಲ್ಲ, ಇಪ್ಪತ್ತೆರಡರಲ್ಲಿ ಒಲ್ಲೆ ಅಂದ ತನ್ನ ಮೇಲೆ. ಶೀಳನೆರೆಯಲ್ಲಿ ಬಸ್ಸಿಳಿದ ಮೇಲೆ ಶ್ವೇತಳಿಗೆ ಒಂದೇ ಮಾತು ಹೇಳಿದಳು: "ನಿಮ್ಮಪ್ಪಂಗೆ ಒಂದ್ ಒಸ ಪಂಚೆ ತರ್ಬೇಕು."

ವೀಳ್ಯದ ದಿನ ಹೊನ್ನಪ್ಪ ಹೊಸ ಪಂಚೆ ಉಟ್ಟು ಜಮಖಾನದ ಮೇಲೆ ಕೂತ. ಎದುರಿಗೆ ರಘುನಂದನನ ತಂದೆ ಪುಟ್ಟಸ್ವಾಮಿ. ತಟ್ಟೆ ಎತ್ತುವವರೆಗೆ ಎಲ್ಲ ಸರಿಯಿತ್ತು. ಎತ್ತಿದೊಡನೆ ಹೊನ್ನಪ್ಪನ ಕೈ ನಡುಗಿತು, ಅಡಿಕೆಯೆಲ್ಲ ಜಮಖಾನದ ಮೇಲೆ ಚೆಲ್ಲಿತು.

"ಜ್ವರ ಬಂದಿತ್ತು, ಸುಸ್ತು," ಎಂದು ಚಿಕ್ಕಪ್ಪ ಬಾಯಿ ಹಾಕಿದ.

ಪುಟ್ಟಲಕ್ಷ್ಮಮ್ಮ ಬಾಗಿಲಲ್ಲಿ ನಿಂತಿದ್ದಳು. ಅವಳೂ ಒಂದು ಹೂಂ ಸೇರಿಸಿದ್ದರೆ ಮುಗಿಯುತ್ತಿತ್ತು. ನಾಗಮಂಗಲದವರು ನಂಬಲು ತಯಾರಾಗಿಯೇ ಕೂತಿದ್ದರು.

"ಜ್ವರ ಅಲ್ಲ ಅಣ್ಣಾ," ಎಂದಳು ಪುಟ್ಟಸ್ವಾಮಿಗೆ. "ಅವ್ನ್ಗೆ ಸ್ಕಿಜೋಫ್ರೇನಿಯಾ ಅಂತ ಮನಸ್ಸಿನ್ ಕಾಯ್ಲೆ ಐತೆ. ಎಷ್ಟೋ ವರ್ಸದಿಂದ ಮಾತ್ರೆ ನುಂಗ್ತಾವ್ನೆ, ಕೈ ನಡುಗದು ಆ ಮಾತ್ರೆಗೆ. ಈ ಮಗೀಗ್ ಬತ್ತದೋ ಇಲ್ವೋ ಡಾಕ್ಟ್ರಿಗೂ ಗೊತ್ತಿಲ್ಲ. ನಂಗ್ ಬತ್ತದೆ ಅಂತ ನಾನು ಮದ್ವೆನೇ ಬುಟ್ಟೆ. ಬರ್ನಿಲ್ಲ."

ಪುಟ್ಟಸ್ವಾಮಿ ಕೆಟ್ಟ ಮನುಷ್ಯನಲ್ಲ. ಚೆಲ್ಲಿದ ಅಡಿಕೆಯನ್ನು ತಾನೇ ಆರಿಸಿ ತಟ್ಟೆಗೆ ಹಾಕಿದ. ಆಮೇಲೆ, "ಊರ್ಗೋಗಿ ಏಳಿ ಕಳಿಸ್ತೀವಿ ತಾಯಿ," ಎಂದು ಎದ್ದ. ಆ ಮಾತಿನ ಅರ್ಥ ತಿಳಿಯದವರು ಅಲ್ಲಿ ಯಾರೂ ಇರಲಿಲ್ಲ. ರಘುನಂದನ್ ತಲೆ ತಗ್ಗಿಸಿಕೊಂಡು ಅಪ್ಪನ ಹಿಂದೆ ಹೋದ. ಮಾಡಿದ ಒಬ್ಬಟ್ಟು ಹಾಗೇ ಉಳಿಯಿತು. "ಬಂದಿದ್ ಸಂಬಂಧಕ್ಕೆ ಕಲ್ಲಾಕ್ಬುಟ್ಟೆ," ಎಂದು ಬೈದು ಚಿಕ್ಕಪ್ಪನೂ ಹೊರಟ.

ಪುಟ್ಟಲಕ್ಷ್ಮಮ್ಮ ಅಡುಗೆಮನೆಯಲ್ಲಿ ಶ್ವೇತಳ ಮುಖ ನೋಡಲಾರದೆ ನಿಂತಿದ್ದಳು. ಹುಡುಗಿಯ ಕಣ್ಣು ಕೆಂಪಾಗಿತ್ತು, ದನಿ ಮಾತ್ರ ಗಟ್ಟಿಯಿತ್ತು.

"ನೀನ್ಯಾಕತ್ತೆ ಇಂಗ್ ನಿಂತಿದ್ದೀಯ? ಬ್ಯಾಡ ಅಂದಿದ್ದು ಅವ್ರು. ಎಲ್ಲಾ ಕೇಳ್ಕಂಡು ಅಂದ್ರು, ಅನ್ಲಿ ಬುಡು. ನಿಂಗೆ ಯಾರಂದಿದ್ರು, ಬ್ಯಾಡ ಅಂತ?"

ಪುಟ್ಟಲಕ್ಷ್ಮಮ್ಮ ಯೋಚಿಸಿದಳು. ಅಂದು ನೋಡಲು ಬಂದಿದ್ದ ಹುಡುಗ, ಅವನ ತಾಯಿ, ಊರವರು, ಸತ್ತುಹೋದ ತನ್ನ ಅವ್ವ, ಒಬ್ಬೊಬ್ಬರನ್ನೇ ನೆನೆದಳು.

"ಯಾರೂ ಅಂದಿರ್ನಿಲ್ಲ ಕಣವ್ವ," ಎಂದಳು. ಆಮೇಲೆ ಅತ್ತಳು. ಸಾಕಿದ ಹುಡುಗಿಯ ಮುಂದೆ ಅವಳು ಅತ್ತದ್ದು ಅದೇ ಮೊದಲು.