ಡೋಲಿಯ ಮುಂದಿನ ಹೆಗಲು
ಗಜೇಂದ್ರಗಡದ ಗುಡ್ಡಕ್ಕೆ ತಂಪು ಗಾಳಿಗೆಂದು ಹೋಗುವ ಸಾಹುಕಾರರು ತಮ್ಮ ಕಾಲಿನಿಂದ ಹತ್ತುವುದಿಲ್ಲ. ರಾಜ್ಯ ಬದಲಾಗಿ ಕಂಪನಿ ಸರಕಾರ ಬಂದರೂ ಅವರ ಡೋಲಿಯ ಮುಂದಿನ ಹೆಗಲು ಉಡಚಪ್ಪನದೇ. ಒಂದೊಂದು ಮೆಟ್ಟಿಲನ್ನೂ ಅವನ ಅಂಗಾಲು ಗುರುತಿಸುತ್ತದೆ, ಸಡಿಲ ಕಲ್ಲು ಬಂದರೆ "ಬೀಗತಿ ಬಂದ್ಲು, ಹುಷಾರ್ರಿ!" ಎಂದು ಹಿಂದಿನ ಹೆಗಲಿನವರನ್ನು ಎಚ್ಚರಿಸಿ ನಗಿಸುತ್ತಾನೆ. ತುದಿಯಲ್ಲಿ ಡೋಲಿ ಇಳಿಸಿ, "ಅತ್ತಾಗ ಕೆರಿ, ಇತ್ತಾಗ ಜ್ವಾಳದ ಹೊಲ, ಎಷ್ಟ್ ಚಲೋ ನೋಡ್ರಿ!" ಎಂದು ಇಪ್ಪತ್ತು ವರ್ಷದ ಹಳೇ ಮಾತನ್ನೇ ಒಪ್ಪಿಸುತ್ತಾನೆ. ಆಮೇಲೆ ಮೆಲ್ಲಗೆ, "ಸಾವಕಾರ್ರ, ನನ್ನ ಕಣ್ಣಾಗ ಬೆವರ ಇಳದೈತ್ರಿ. ಊರ ಅಗಸಿ ಬಾಗಲ ಬಾಜೂಕಿನ ನಮ್ಮ ಗುಡಿಸಲದಾಗ ಹೊಗಿ ಏಳಾಕತ್ತೈತೇನ್ರಿ? ನನ್ನ ಹೇಣ್ತಿ ಮಾನವ್ವ ಜ್ವರದಾಗ ಮಲಗ್ಯಾಳ, ಎದ್ದು ಒಲಿ ಹಚ್ಯಾಳೋ ಇಲ್ಲೋ" ಎನ್ನುತ್ತಾನೆ. ಬೆವರೆಂಬುದು ಸುಳ್ಳು. ಅವನಿಗೆ ದೂರದ್ದು ಕಾಣದೆ ಎರಡು ವರ್ಷವಾಯಿತು. ಬಾಯಿಬಿಟ್ಟರೆ ಕೂಲಿ ಹೋಗುತ್ತದೆ. ತಂಪಾಗಿ ಕುಳಿತ ಸಾಹುಕಾರರೇ, ಎದ್ದು ಅವನ ಹೆಂಡತಿಯ ಒಲೆಯ ಹೊಗೆ ನೋಡಿ ಹೇಳಿ. ಹೊಗೆ ಕಾಣದಿದ್ದರೆ ನೀವು ನಡೆದೇ ಇಳಿಯಿರಿ, ಅವನನ್ನು ಮೊದಲು ಮನೆಗೆ ಕಳಿಸಿ.