ತೂಕದ ಕೋಣೆಯ ಖಾಲಿ ಪೋರ್ಟು

ನಿವೃತ್ತಿಗೆ ಒಂದು ವರ್ಷ ಉಳಿದಿದ್ದಾಗ ನಾನು ವಿಜಯಪುರದ ಸೊಲ್ಲಾಪುರ ರಸ್ತೆಯ ಒಂದು ಕಂಪನಿಯಲ್ಲಿ ಹಿರಿಯ ನೆಟ್‌ವರ್ಕ್ ಎಂಜಿನಿಯರ್ ಆಗಿದ್ದೆ. ತಿಕೋಟಾದ ಒಂದು ಒಣದ್ರಾಕ್ಷಿ ಕೋಲ್ಡ್ ಸ್ಟೋರೇಜಿನ ನೆಟ್‌ವರ್ಕ್ ನನ್ನ ಹೊಣೆ. ಅಲ್ಲಿ ಸತತ ಮೂರು ಸೋಮವಾರ, ಬೆಳಿಗ್ಗೆ ಹನ್ನೊಂದರ ಹೊತ್ತಿಗೆ, ಎಲ್ಲ ಕಂಪ್ಯೂಟರ್‌ಗಳೂ ಒಟ್ಟಿಗೆ ನಿಂತವು. ತೂಕ ನಿಂತು, ಘೋಣಸಗಿ, ಬಬಲೇಶ್ವರ ಕಡೆಯ ಗಾಡಿಗಳು ಗೇಟಿನಾಚೆ ಸಾಲುಗಟ್ಟಿದವು.

ವಾರ ನೋಡಿಕೊಂಡು ಕೆಡುವ ಯಂತ್ರವನ್ನು ನಾನು ಕಂಡಿಲ್ಲ. ಇದು ಮನುಷ್ಯನ ಕೈವಾಡವೇ ಎಂದುಕೊಂಡೆ. ತಿಕೋಟಾಕ್ಕೆ ಹೋದಾಗ ಸ್ಟೋರೇಜಿನ ಮ್ಯಾನೇಜರ್ ಸಂಗನಗೌಡರು ಹೆಸರನ್ನೇ ಹೇಳಿಬಿಟ್ಟರು.

“ನಮ್ಮ ಎಲೆಕ್ಟ್ರಿಷಿಯನ್ ಮೆಹಬೂಬಂದ ಕೆಲಸರಿ ಇದು. ರಜಾ ಕೊಡಲಿಲ್ಲಂತ ಸಿಟ್ಟದ ಅಂವಗ. ಇವತ್ತ ಸಿಕ್ಕನಂದ್ರ ನಾಳಿಂದ ಕೆಲಸಾ ಇಲ್ಲ.”

ಅದು ನಾಲ್ಕನೆಯ ಸೋಮವಾರ. ತೂಕದ ಕೋಣೆಯ ಕಿಟಕಿಯ ಬಳಿ ಕಾದು ನಿಂತೆ. ಮೆಹಬೂಬ್ ಬಂದ. ಅತ್ತಿತ್ತ ನೋಡಿದ, ಆ ನೋಟವೇ ನನಗೆ ಸಾಕ್ಷಿಯಾಗಿ ಕಂಡಿತು. ಪ್ರಿಂಟರಿನಿಂದ ಕೇಬಲ್ ಕಿತ್ತು, ಇನ್ನೊಂದು ತುದಿ ಗೋಡೆಯಲ್ಲಿದ್ದಂತೆಯೇ, ಈ ತುದಿಯನ್ನೂ ಗೋಡೆಯ ಖಾಲಿ ಪೋರ್ಟಿಗೆ ಸಿಕ್ಕಿಸಿದ. ನಿಮಿಷದೊಳಗೆ ಕಂಪ್ಯೂಟರ್‌ಗಳು ನಿಂತವು. ಸಿಕ್ಕಿಬಿದ್ದ ಎಂದು, ಹೇಳಲು ನಾಚಿಕೆ, ಖುಷಿಯೇ ಆಯಿತು.

“ಯಾಕ ಮಾಡಿದಿ?” ಎಂದು ಒಳಗೆ ನುಗ್ಗಿದೆ.

“ಸೋಮವಾರ ನೆಲಾ ತೊಳಿತೀವಲ್ರಿ ಸಾಹೇಬ್ರ. ವಾಯರ್ ತುದಿಗೆ ನೀರ ಹತ್ತಬಾರದಂತ ಖಾಲಿ ತೂತಿನ್ಯಾಗ ಹಾಕಿಡ್ತೀನಿ. ಐದ ವರ್ಷದಿಂದ ಹಿಂಗ ಮಾಡಾಕತ್ತೇನಿ. ಯಾರೂ ಕೇಳಲಿಲ್ಲರಿ, ಬರೇ ಬೈದ್ರು.”

ಐದು ವರ್ಷ ಆಗದ್ದು ಈಗೇಕೆ ಆಯಿತು? ನಂಬದೆ, ಗೋಡೆಯ ಪೋರ್ಟುಗಳೆಲ್ಲ ಹೋಗಿ ಸೇರುವ ನೆಟ್‌ವರ್ಕ್ ಸ್ವಿಚ್ಚಿನ ಸೆಟ್ಟಿಂಗ್ ತೆರೆದೆ. ಒಂದೇ ಕೇಬಲ್ಲಿನ ಎರಡೂ ತುದಿ ಒಂದೇ ಸ್ವಿಚ್ಚಿಗೆ ಸೇರಿದರೆ ಸಂದೇಶಗಳು ಗಾಣದೆತ್ತಿನಂತೆ ಸುತ್ತುತ್ತ ಇಡೀ ನೆಟ್‌ವರ್ಕನ್ನು ನಿಲ್ಲಿಸುತ್ತವೆ. ಇದನ್ನು ಪತ್ತೆ ಹಚ್ಚಲು ಸ್ಪ್ಯಾನಿಂಗ್ ಟ್ರೀ ಪ್ರೋಟೊಕಾಲ್ ಬಿಪಿಡಿಯು ಎಂಬ ಪುಟ್ಟ ಸಂದೇಶ ಕಳಿಸುತ್ತಿರುತ್ತದೆ. ಅದರ ಜೊತೆಗೆ ಬೇಕೆಂದರೆ ಹಾಕಿಕೊಳ್ಳುವ ಕೆಲವು ಸೌಲಭ್ಯಗಳಿವೆ. ಬಿಪಿಡಿಯು ಗಾರ್ಡ್ ಇದ್ದರೆ ಆ ಸಂದೇಶ ಬಂದ ಪೋರ್ಟು ಮಾತ್ರ ಮುಚ್ಚಿಕೊಳ್ಳುತ್ತದೆ. ನಾವು ಅಲ್ಲಿ ಹೊಂದಿಸಿದ್ದಂತೆ, ಕೆಲ ನಿಮಿಷದಲ್ಲಿ ತಾನೇ ತೆರೆದುಕೊಳ್ಳುತ್ತದೆ. ಬಿಪಿಡಿಯು ಫಿಲ್ಟರ್ ಹಾಕಿದರೆ ಪೋರ್ಟು ಆ ಸಂದೇಶವನ್ನು ಕಳಿಸುವುದೂ ಇಲ್ಲ, ಕೇಳುವುದೂ ಇಲ್ಲ. ಆ ಎರಡು ಪೋರ್ಟುಗಳಲ್ಲಿ ಯಾರೋ ಗಾರ್ಡ್ ತೆಗೆದು ಫಿಲ್ಟರ್ ಹಾಕಿದ್ದರು. ದಾಖಲೆಯಲ್ಲಿದ್ದದ್ದು ನನ್ನ ಲಾಗಿನ್.

“ನೆಲಾ ತೊಳದ ಮ್ಯಾಲ ಪ್ರಿಂಟರ್ ಸ್ವಲ್ಪ ಹೊತ್ತ ಸುಮ್ನ ಕುಂದರತೈತಿ ಅಂತ ಹೋದ ತಿಂಗಳ ನಾನ ಫೋನ್ ಮಾಡಿದ್ನಲ್ರಿ,” ಎಂದ ಮೆಹಬೂಬ್. “‘ಮಾಡೀನಿ, ಇನ್ನ ತ್ರಾಸ ಇಲ್ಲ’ ಅಂದ್ರಿ ನೀವು.”

ನಿಜ. ಗಾರ್ಡ್ ಮುಚ್ಚಿದ ಪೋರ್ಟು ತೆರೆಯುವವರೆಗೆ ಪ್ರಿಂಟರ್ ಸುಮ್ಮನಿರುತ್ತಿತ್ತು, ಅಷ್ಟೆ. ಪೋರ್ಟು ಯಾಕೆ ಮುಚ್ಚುತ್ತಿದೆ ಎಂದು ಕೇಳದೆ, ಕುರ್ಚಿ ಬಿಟ್ಟು ಏಳದೆ, ಕಿರಿಕಿರಿ ತಪ್ಪಿದರೆ ಸಾಕೆಂದು ಗಾರ್ಡ್ ತೆಗೆದು ಫಿಲ್ಟರ್ ಹಾಕಿದವನು ನಾನೇ. ಕುಂಬಳಕಾಯಿ ಕಳ್ಳನನ್ನು ಹುಡುಕಲು ಬಂದವನ ಹೆಗಲ ಮೇಲೇ ಬೂದಿ.

ಸಂಗನಗೌಡರು ಬಾಗಿಲಿಗೆ ಬಂದು, “ಸಿಕ್ಕನೇನ್ರಿ?” ಎಂದರು.

“ಸಿಕ್ಕಾನ್ರಿ. ನಾನ ಅದೇನಿ. ತಕರಾರು ನಮ್ಮ ಕಂಪನಿಗೆ ಬರೀರಿ.”

ಮೆಹಬೂಬನ ಕೆಲಸ ಉಳಿಯಿತು. ನನ್ನ ಕಡತಕ್ಕೆ ಕೊನೆಯ ವರ್ಷ ಒಂದು ಎಚ್ಚರಿಕೆ ಪತ್ರ ಸೇರಿತು. ಫಿಲ್ಟರ್ ತೆಗೆದು ಗಾರ್ಡನ್ನು ನಾನು ಮತ್ತೆ ಹಾಕಿದೆ. ಕೇಬಲ್ ತೂಗುಹಾಕಲು ಗೋಡೆಗೊಂದು ಮೊಳೆಯನ್ನು ಅವನು ಹೊಡೆದ. ಸಂಶಯಪಡುವುದು ನನ್ನ ಕಸುಬೇ. ಆದರೆ ಅಂದಿನಿಂದ ಮೊದಲು ನೋಡುತ್ತಿದ್ದದ್ದು ನನ್ನ ಲಾಗಿನ್ನನ್ನು.