ಹತ್ತು ಅಡಿಯನ್ನು ಎರಡಕ್ಕೆ ಇಳಿಸಿದ್ದು

ಮಾರಿಸ್‌ವಿಲ್‌ನ ನಮ್ಮ ಟೌನ್‌ಹೌಸುಗಳು ಗೋಡೆಗೆ ಗೋಡೆ ತಾಗಿಸಿಕೊಂಡು ನಿಂತಿವೆ. ಹೊರಗೋಡೆಗೆಲ್ಲ ಪ್ಲಾಸ್ಟಿಕ್ ಹೊದಿಕೆ, ಅದರ ಬುಡದಲ್ಲಿ ಗಿಡಗಳಿಗೆ ಹಾಸಿದ ಒಣ ಪೈನ್ ಎಲೆ. ಒಂದಕ್ಕೆ ಬೆಂಕಿ ಬಿದ್ದರೆ ಸಾಲೇ ಹೋದಂತೆ. ಹಾಗಾಗಿ ಮನೆಮಾಲೀಕರ ಸಂಘ ಕಾಡ್ಗಿಚ್ಚಿನ ನಿಯಮ ತಂದಿತು: ಗೋಡೆಯಿಂದ ಹತ್ತು ಅಡಿಯೊಳಗೆ ಪೈನ್ ಎಲೆ ಇರಕೂಡದು.

ಎದುರಿನವರು ಹೇಳಿದ ಮೊದಲ ಮಾತಿಗೆ ಒಪ್ಪಿ ನನಗೆ ಅಭ್ಯಾಸವಿಲ್ಲ. ಕ್ಯಾಲಿಫೋರ್ನಿಯಾದ ಭಯ ನಮಗೇಕೆ, ಇಲ್ಲಿ ಮಳೆಗೇನು ಬರವೇ ಎಂದು ಸಭೆಯಲ್ಲಿ ವಾದಿಸಿ, ಹತ್ತನ್ನು ಎರಡಕ್ಕೆ ಇಳಿಸಿದೆ. ಎಲ್ಲರೂ ಬೆನ್ನು ತಟ್ಟಿದರು.

ಆ ಮಾರ್ಚ್‌ನಲ್ಲಿ ಮಳೆ ಬರಲಿಲ್ಲ. ಪಕ್ಕದ ಮನೆಯ ಆಂಟಿ, ಮೈಸೂರಿನ ನಿವೃತ್ತ ಡಾಕ್ಟರು, ಗಣಹೋಮ ಮಾಡಿಸಿದರು. ಪುರೋಹಿತರು ಹೊರಟ ಮೇಲೆ ಹೊಗೆಯ ಅಲಾರಂ ಬಡಿದುಕೊಳ್ಳತೊಡಗಿತು.

"ಕುಂಡಕ್ಕೆ ನೀರು ಹಾಕಿಬಿಡ್ಲಾ?" ಎಂದರು ಆಂಟಿ.

"ಬೇಡ ಆಂಟಿ, ಹೋಮದ ಬೆಂಕಿ ತಾನಾಗೇ ಆರ್ಬೇಕು. ಕೊಡಿ ಇಲ್ಲಿ, ಹೊರಗೆ ಪ್ಯಾಟಿಯೊ ಕಟ್ಟೆ ಮೇಲೆ ಇಡ್ತೀನಿ."

ಇಟ್ಟು ಬಂದು ಊಟಕ್ಕೆ ಕುಳಿತೆ. ಪಾಯಸ ಬರುವಷ್ಟರಲ್ಲಿ ಗಾಳಿಗೆ ಕೆಂಡ ಹಾರಿ, ಎರಡು ಅಡಿಯ ಆಚೆಯ ಎಲೆ ಹೊತ್ತಿಕೊಂಡಿತ್ತು. ನಡುವಿನ ಆ ಎರಡಡಿಯನ್ನು ಜ್ವಾಲೆ ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ. ಪೈಪಿನಿಂದ ನೀರು ಹಾರಿಸಿ ಆರಿಸಿದೆವು. ಅಷ್ಟರಲ್ಲಿ ಆಂಟಿಯ ಗೋಡೆಯ ಹೊದಿಕೆ ಕರಗಿ ಇಳಿಬಿದ್ದಿತ್ತು.

ಕುಂಡ ಹೊರಗಿಟ್ಟಿದ್ದು ಯಾರೆಂದು ಅಗ್ನಿಶಾಮಕದವರು ಕೇಳಿದಾಗ ಆಂಟಿ ನನ್ನ ಕಡೆ ಒಮ್ಮೆ ನೋಡಿ, "ಇಟ್ಟವಳು ನಾನೇ" ಎಂದರು. ನಾನು ಪೈಪು ಸುತ್ತುತ್ತ ನಿಂತಿದ್ದೆ.

ಇನ್ನು ಮುಂದೆ ಅವರ ಮನೆಯಲ್ಲಿ ಹೋಮ ಮಾಡುವಂತಿಲ್ಲವೆಂದು ಸಂಘ ನೋಟಿಸ್ ಕಳಿಸಿತು. ನಾನು ಮತ್ತೆ ಚೌಕಾಸಿಗೆ ಇಳಿದು, ಅದನ್ನು ಬರಿಯ ಎಚ್ಚರಿಕೆ ಪತ್ರಕ್ಕೆ ತಂದು ನಿಲ್ಲಿಸಿದೆ. ಕೇಳದಿದ್ದರೂ ಹೇಳುತ್ತೇನೆ, ಬೂದಿಯನ್ನು ನಂಬಬೇಡಿ, ಕೈಯಿಟ್ಟು ನೋಡುವಷ್ಟು ತಣ್ಣಗಾಗುವ ತನಕ ಪಕ್ಕದಲ್ಲೇ ಕುಳಿತಿರಿ. ಇಂಥ ಬುದ್ಧಿವಾದ ನನ್ನ ಹತ್ತಿರ ಬೇಕಾದಷ್ಟಿದೆ.

ಗೆದ್ದ ಸುದ್ದಿ ಹೇಳಲು ಹೋದಾಗ ಆಂಟಿ ಕಾಫಿ ಕೊಟ್ಟರು.

"ನನಗೋಸ್ಕರ ಎಷ್ಟೊಂದು ಮಾತಾಡಿದ್ದೀಯ ಕಣಪ್ಪ," ಎಂದರು. "ಒಂದೇ ಮಾತು ಸಾಕಿತ್ತು."

ಕಾಫಿ ಅಲ್ಲೇ ಆರಿತು. ಮರುದಿನ ಸಂಘಕ್ಕೆ ಆ ಒಂದು ಮಾತನ್ನು, ಕುಂಡ ಇಟ್ಟವನು ನಾನು ಎಂದು, ಬರೆದು ಕಳಿಸಿದೆ, ಹತ್ತು ಅಡಿಯನ್ನೇ ಮತ್ತೆ ತನ್ನಿ ಎಂದೂ ಸೇರಿಸಿದೆ. ಹತ್ತು ಅಡಿ ಬಂತು. ಎಚ್ಚರಿಕೆ ಪತ್ರ ಮಾತ್ರ ಇನ್ನೂ ಆಂಟಿಯ ಹೆಸರಿನಲ್ಲೇ ಇದೆ.